ಬೆರಳು ಬಾಣದ ಮೇಲೋ ಕೆಳಗೋ? ಟ್ಯಾಬ್ ಯಾವುದು ತಗೊಳ್ಳಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 58 ಇಂಚಿನ ಒಂದೇ ತುಂಡಿನ ಮರದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು), ಎಳೆಯಲು ಬೇಕಾದ ಬಲ 40 ಪೌಂಡ್, ಗುರಿ ಹಿಡಿಯುವ ಸೈಟ್ ಇಲ್ಲ. ಬಿಲ್ಲು ಹಿಡಿದು ನಾಲ್ಕು ತಿಂಗಳು. ತೋರುಬೆರಳು ಬಾಣದ ಮೇಲೆ, ಇನ್ನೆರಡು ಕೆಳಗೆ. ಇಪ್ಪತ್ತು ಬಾಣ ಬಿಡುವಷ್ಟರಲ್ಲಿ ಉಂಗುರ ಬೆರಳಿಗೆ ಜೋಮು, ನಡುಬೆರಳಿನ ಪಕ್ಕದಲ್ಲಿ ಉರಿ, ಪೂರ್ತಿ ಎಳೆದಾಗ ಬಾಣ ಶೆಲ್ಫ್‌ನಿಂದ (ಬಿಲ್ಲಿನ ಮೇಲೆ ಬಾಣ ಕೂರುವ ಜಾಗ) ಜಾರಿ ಬೀಳುತ್ತದೆ. ಗೆಳೆಯರು "ಮೂರೂ ಬೆರಳು ಕೆಳಗಿಡು" ಅಂತಾರೆ. ನೀವು ಕೇಳ್ತಿರೋದು, ಒಳ್ಳೆ ಟ್ಯಾಬ್ (ಹೆದೆ ಎಳೆಯುವ ಬೆರಳನ್ನು ಕಾಯುವ ಚರ್ಮದ ತುಂಡು) ತಗೊಂಡರೆ ಇದೆಲ್ಲ ಸರಿಹೋಗುತ್ತಾ ಅಂತ.

ಪೂರ್ತಿ ಹೋಗಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿ ಐದು ಟ್ಯಾಬ್ ಬಿದ್ದಿವೆ. ಅದರಲ್ಲಿ ಮೂರನ್ನು ನಿಮಗಿರುವ ತೊಂದರೆಗೇ ಕೊಂಡಿದ್ದೆ. ಮೂರರಲ್ಲೂ ಜೋಮು ಹಿಡಿಯಿತು. ತಪ್ಪು ಚರ್ಮದ್ದಲ್ಲ, ನಾನು ಹೆದೆಯನ್ನು ಬೆರಳಿನ ತುದಿಯಲ್ಲಿ ಹಿಡಿಯುತ್ತಿದ್ದೆ. ಹಾಗೆ ಹಿಡಿದರೆ ಬಿಡುವಾಗ ನಯವಾಗಿ ಜಾರುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿಕೊಂಡಿದ್ದೆ. ಆಗುವುದು ಉಲ್ಟಾ. ತುದಿಯಲ್ಲಿ ಹಿಡಿದಾಗ ಹೆದೆ ಜಾರದ ಹಾಗೆ ಬೆರಳನ್ನು ಬಿಗಿ ಮಾಡಲೇಬೇಕು. ಬಿಗಿಯಾದ ಬೆರಳು ಸುಮ್ನೆ ಸಡಿಲಾಗುವುದಿಲ್ಲ. ಅದನ್ನು ತೆರೆಯಬೇಕಾಗುತ್ತದೆ, ತೆರೆಯುವಾಗ ಕೈ ಮುಖದಿಂದ ಪಕ್ಕಕ್ಕೆ ಹಾರುತ್ತದೆ.

ಒಂದು ಬಕೆಟ್‌ನಲ್ಲಿ ಪೂರ್ತಿ ನೀರು ತುಂಬಿಸಿ ಮೂರೇ ಬೆರಳಲ್ಲಿ ಎತ್ತಿ ನೋಡಿ. ಯಾರೂ ಬೆರಳ ತುದಿಯಲ್ಲಿ ಎತ್ತುವುದಿಲ್ಲ, ಮುಷ್ಟಿಯೂ ಕಟ್ಟುವುದಿಲ್ಲ. ಬೆರಳು ತಾನಾಗಿ ಕೊಕ್ಕೆಯಾಗುತ್ತದೆ, ಕೈಯ ಹಿಂಭಾಗ ಚಪ್ಪಟೆಯಾಗಿ, ಮಣಿಕಟ್ಟು ನೆಟ್ಟಗೆ ಇರುತ್ತದೆ. ಬಿಲ್ಲಿಗೂ ಅದೇ ಕೊಕ್ಕೆ ಬೇಕು. ಹೆದೆ ತೋರುಬೆರಳು ಮತ್ತು ನಡುಬೆರಳಿನ ತುದಿ ಗೆಣ್ಣಿನ ಗೆರೆಯಲ್ಲಿ, ಅಥವಾ ಗೆರೆಗಿಂತ ಒಂಚೂರು ಒಳಗೆ ಕೂರಬೇಕು. ಉಂಗುರ ಬೆರಳು ಗಿಡ್ಡ, ಅದರಲ್ಲಿ ಹೆದೆ ಗೆರೆಯ ಮುಂದೆ, ಮೆತ್ತನೆಯ ಭಾಗದ ಮೇಲೆ ಬಂದರೂ ಪರವಾಗಿಲ್ಲ. ಭಾರ ಹೊರಬೇಕಾದದ್ದು ಮುಖ್ಯವಾಗಿ ಮೊದಲ ಎರಡು ಬೆರಳು. ಉಂಗುರ ಬೆರಳು ಜೊತೆಗಿರಬೇಕು ಅಷ್ಟೆ. ನಿಮಗೆ ಜೋಮು ಹಿಡಿಯುತ್ತಿರುವುದು ಅಲ್ಲೇ ಅಂದರೆ ಮಣಿಕಟ್ಟು ಹೊರಕ್ಕೆ ಉಬ್ಬಿ, ಭಾರವೆಲ್ಲ ಕೆಳಗಿನ ಬೆರಳಿಗೆ ಇಳಿಯುತ್ತಿದೆ ಅಂತ ನನ್ನ ಅನುಮಾನ. ಪಕ್ಕದಿಂದ ಯಾರಿಗಾದರೂ ಒಂದು ವಿಡಿಯೊ ಮಾಡಲು ಹೇಳಿ, ಗೊತ್ತಾಗುತ್ತದೆ.

ಕಿರುಬೆರಳನ್ನು ಅಂಗೈ ಕಡೆ ಮಡಚಿಡಿ. ಹೆಬ್ಬೆರಳನ್ನೂ ಒಳಗೆ ಸಡಿಲವಾಗಿ ಮಲಗಿಸಿ, ಅದಕ್ಕೆ ಇಲ್ಲಿ ಕೆಲಸವಿಲ್ಲ. (ದ್ರೋಣರು ಏಕಲವ್ಯನ ಹೆಬ್ಬೆರಳನ್ನೇ ಕೇಳಿದರು ಅಂದರೆ ಅವರೆಲ್ಲ ಹೆಬ್ಬೆರಳಲ್ಲಿ ಎಳೆಯುತ್ತಿದ್ದರು ಅಂತಲೇ ಅಲ್ವಾ? 1885ರಲ್ಲಿ ಎಡ್ವರ್ಡ್ ಮೋರ್ಸ್ ಎಂಬಾತ ಜಗತ್ತಿನ ಬಾಣ ಬಿಡುವ ರೀತಿಗಳನ್ನು ವಿಂಗಡಿಸಿದಾಗ ಹೆಬ್ಬೆರಳಿನದಕ್ಕೆ ಮಂಗೋಲಿಯನ್ ಅಂತಲೂ, ನಮ್ಮ ಈ ಬೆರಳಿನ ಕೊಕ್ಕೆಗೆ ಮೆಡಿಟರೇನಿಯನ್ ಅಂತಲೂ ಹೆಸರಿಟ್ಟ. ನಿಮ್ಮ ಗುರು ಬಂದು ಹೆಬ್ಬೆರಳು ಕೇಳಿದರೆ ನಿಮ್ಮ ಆಟಕ್ಕೇನೂ ನಷ್ಟವಿಲ್ಲ!)

ಈಗ ಬಾಣ ಜಾರುವ ವಿಷಯ. ಎರಡು ಕಾರಣ ಇರಬಹುದು. ಒಂದು, ಎಳೆಯುತ್ತಾ ಎಳೆಯುತ್ತಾ ಬೆರಳನ್ನು ಇನ್ನೂ ಮಡಚುತ್ತಿದ್ದೀರಿ. ಆಗ ಹೆದೆ ತಿರುಚಿಕೊಂಡು ಬಾಣವನ್ನು ಬಿಲ್ಲಿನಿಂದ ಆಚೆಗೆ ತಳ್ಳುತ್ತದೆ. ಎಳೆಯುವ ಮೊದಲೇ ಕೊಕ್ಕೆ ಪೂರ್ತಿ ಹಾಕಿ, ಆಮೇಲೆ ಕೈಯ ಹಿಂಭಾಗ ಸಡಿಲಾಗಲು ಬಿಡಿ. ಹೆದೆ ಇನ್ನೊಂದು ದಿಕ್ಕಿಗೆ ಸ್ವಲ್ಪ ಹೊರಳಿ ಬಾಣವನ್ನು ಬಿಲ್ಲಿಗೇ ಒತ್ತುತ್ತದೆ. ಎರಡನೆಯದು ನಾಕ್ (ಬಾಣದ ಹಿಂತುದಿಯಲ್ಲಿ ಹೆದೆ ಕೂರುವ ಸೀಳು) ಅದುಮುವುದು. ನಿಮ್ಮ ಬಿಲ್ಲು 58 ಇಂಚು, ಗಿಡ್ಡದ್ದು. ಪೂರ್ತಿ ಎಳೆದಾಗ ಹೆದೆ ಚೂಪಾದ ಕೋನ ಮಾಡುತ್ತದೆ, ತೋರುಬೆರಳು ನಡುಬೆರಳು ಎರಡೂ ನಾಕ್ ಮೇಲೆ ಬಂದು ಕೂರುತ್ತವೆ. ನಡುಬೆರಳಿನ ಪಕ್ಕದ ಉರಿಗೆ ಅದೇ ಕಾರಣ. 64 ಇಂಚಿನ ಬಿಲ್ಲಲ್ಲಿ ಇದೇ ಕೈ ಆರಾಮವಾಗಿರುತ್ತದೆ.

ಅಂದಮೇಲೆ ಮೂರೂ ಬೆರಳು ಕೆಳಗಿಟ್ಟರೆ ನಿಮಗೆ ಅನುಕೂಲ ಇದೆಯಾ? ಇದೆ. ನಾಕ್ ಅದುಮುವ ಕಾಟ ಹೋಗುತ್ತದೆ. ಇನ್ನೊಂದು ಲಾಭ ಕಣ್ಣಿಗೆ. ತೋರುಬೆರಳು ಬಾಯಿಯ ಮೂಲೆಗೆ ತಾಗಿಸಿ ಆಂಕರ್ ಮಾಡುತ್ತೀರಿ, ಅಂದರೆ ಎಳೆದ ಕೈಯನ್ನು ಪ್ರತಿ ಸಲ ಅಲ್ಲೇ ನಿಲ್ಲಿಸುತ್ತೀರಿ ಅಂತಿಟ್ಟುಕೊಳ್ಳಿ. ಈಗ ಬಾಣ ಆ ಬೆರಳಿನ ಕೆಳಗಿದೆ. ಮೂರೂ ಕೆಳಗಿಟ್ಟರೆ ಬಾಣ ಅದೇ ಬೆರಳಿನ ಮೇಲೆ ಬರುತ್ತದೆ, ಅಂದರೆ ಒಂದು ಬೆರಳಿನ ದಪ್ಪದಷ್ಟು ಕಣ್ಣಿಗೆ ಹತ್ತಿರ. ನಡುಬೆರಳನ್ನು ಬಾಯಿಯ ಮೂಲೆಗೆ ತಂದರೆ ಇನ್ನೂ ಹತ್ತಿರ. ಬಾಣದ ಮೊನೆ ನೋಡಿ ಗುರಿ ಹಿಡಿಯುವವರಿಗೆ ಹತ್ತಿರದ ದೂರಗಳಲ್ಲಿ ಇದು ತುಂಬಾ ಸುಲಭ. ಮೊನೆಯನ್ನು ಗುರಿಗಿಂತ ಎಷ್ಟೋ ಕೆಳಗೆ ಇಡಬೇಕಾಗಿದ್ದದ್ದು ಈಗ ಸ್ವಲ್ಪವೇ ಕೆಳಗಿಟ್ಟರೆ ಸಾಕು. ಮೊದಲ ದಿನ ಬಾಣಗಳೆಲ್ಲ ಕೆಳಗೆ ಬೀಳುತ್ತವೆ, ಗಾಬರಿ ಬೇಡ. ಬಾಣದ ಹಿಂಬದಿ ಮೇಲೆ ಬಂದಿರುತ್ತದೆ, ಹಾಗಾಗಿ ಅದು ಮೊದಲಿಗಿಂತ ಕೆಳಮುಖವಾಗಿ ಹೊರಡುತ್ತದೆ.

ಆದರೆ ಬೆರಳು ಬದಲಾಯಿಸಿದರೆ ಬಿಲ್ಲನ್ನೂ ಸ್ವಲ್ಪ ಬದಲಾಯಿಸಬೇಕು. ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಮರದ ರಿಕರ್ವ್‌ಗಳನ್ನು ಸಾಮಾನ್ಯವಾಗಿ ಒಂದು ಮೇಲೆ, ಎರಡು ಕೆಳಗೆ ಇಟ್ಟು ಎಳೆಯುವವರಿಗೆ ಅಂತಲೇ ಟಿಲ್ಲರ್ ಮಾಡಿರುತ್ತಾರೆ, ಅಂದರೆ ಮೇಲಿನ ಕೆಳಗಿನ ತೋಳುಗಳ ಬಿಗುವನ್ನು ಹೊಂದಿಸಿರುತ್ತಾರೆ. ಕೆಳಗಿನ ಲಿಂಬ್ (ಬಿಲ್ಲಿನ ತೋಳು) ಒಂಚೂರು ಗಟ್ಟಿ ಇರುತ್ತದೆ. ಮೂರೂ ಕೆಳಗೆ ಬಂದರೆ ಕೆಳಗಿನ ಲಿಂಬ್ ಮೇಲೆ ಭಾರ ಜಾಸ್ತಿ, ಬಿಲ್ಲು ಸದ್ದು ಮಾಡುತ್ತದೆ. ಟಿಲ್ಲರ್ ತಿರುಗಿಸುವ ಬೋಲ್ಟ್ ನಿಮ್ಮ ಬಿಲ್ಲಿನಲ್ಲಿಲ್ಲ, ಆದ್ದರಿಂದ ಕೈಯಲ್ಲಿರುವುದು ನಾಕಿಂಗ್ ಪಾಯಿಂಟ್ (ಹೆದೆಯ ಮೇಲೆ ನಾಕ್ ಕೂರಬೇಕಾದ ಜಾಗದ ಗುರುತು) ಒಂದೇ. ಈಗ ಅದು ಬಾಣ ಹೆದೆಗೆ ನೇರ ಲಂಬವಾಗಿ ಕೂರುವ ಮಟ್ಟಕ್ಕಿಂತ ಅರ್ಧ ಇಂಚು ಮೇಲಿದ್ದರೆ, ಇನ್ನೊಂದು 3 ಮಿಲಿಮೀಟರ್ ಏರಿಸಿ ಶುರು ಮಾಡಿ, ಬಾಣ ಹಾರುವುದನ್ನು ನೋಡಿಕೊಂಡು ಸರಿಪಡಿಸಿ. ನಾಕ್ ಕೆಳಗೂ ಒಂದು ದಾರದ ಗಂಟು ಕಟ್ಟಿ. ಇಲ್ಲದಿದ್ದರೆ ಕೆಳಗೆ ಜಾಗ ಸಿಕ್ಕ ನಾಕ್, ಬಾಣ ಬಿಡುವಾಗ ಹೆದೆಯುದ್ದಕ್ಕೂ ಕೆಳಕ್ಕೆ ಜಾರಬಹುದು. ಎರಡು ಗಂಟುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರಲಿ. ಬೆರಳನ್ನು ಹೆದೆಯ ಮೇಲೆ ಇನ್ನೂ ಕೆಳಗಿಳಿಸಿ ದೂರ ಹೊಂದಿಸುವ ಆಟವೂ ಇದೆ, ಆದರೆ ಸ್ಪರ್ಧೆಗೆ ಹೋಗುವುದಾದರೆ ನಿಮ್ಮ ವಿಭಾಗದ ನಿಯಮ ಓದಿಕೊಳ್ಳಿ. ಬೇರ್‌ಬೋದಲ್ಲಿ (ಸೈಟ್ ಇಲ್ಲದ ಬಿಲ್ಲಿನ ವಿಭಾಗ) ಅದು ನಡೆಯುತ್ತದೆ, ಲಾಂಗ್‌ಬೋದಲ್ಲಿ (ಉದ್ದನೆಯ ಸಾಂಪ್ರದಾಯಿಕ ಬಿಲ್ಲಿನ ವಿಭಾಗ) ನಡೆಯುವುದಿಲ್ಲ.

ನನ್ನ ಮಾತು ಕೇಳುವುದಾದರೆ, ಮೊದಲು ಎರಡು ವಾರ ಈಗಿನ ಹಿಡಿತದಲ್ಲೇ ಕೊಕ್ಕೆ ಆಳ ಮಾಡಿ. ಗುರಿ ಹಲಗೆಯಿಂದ ಮೂರು ಮೀಟರ್ ದೂರ ನಿಂತು, ಎಳೆದ ಮೇಲೆ ಕಣ್ಣು ಮುಚ್ಚಿ, ಬೆರಳಿನ ಮೇಲಷ್ಟೇ ಗಮನ ಇಟ್ಟು ಬಿಡಿ. ಉರಿ ಹೋಗಲಿಲ್ಲ ಅಂದರೆ ಮೂರೂ ಕೆಳಗೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣ ಆಯಿತು ಅಂತ ಗೊತ್ತಾಗುವುದಿಲ್ಲ.

ಟ್ಯಾಬ್‌ಗೆ ಬರೋಣ. ಗ್ಲೌಸ್ ಬೇಡವೇ ಅಂತ ಕೇಳಬಹುದು. ಕಾಡು ಮೇಡು ಸುತ್ತುತ್ತಾ ಬಾಣ ಬಿಡುವವರಿಗೆ ಅದು ಆರಾಮ, ಕೈ ಖಾಲಿ ಇರುತ್ತದೆ. ಆದರೆ ದಿನ ಕಳೆದ ಹಾಗೆ ಮೂರೂ ಬೆರಳಿನ ತುದಿಯಲ್ಲಿ ಒಂದೊಂದು ಗುಂಡಿ ಬಿದ್ದು ಹೆದೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ನನಗೆ ಟ್ಯಾಬ್ ಇಷ್ಟ. ಮೂರೂ ಬೆರಳಿಗೆ ಒಂದೇ ಮೈ, ಹೆದೆ ಒಂದೇ ಸಲ ಜಾರುತ್ತದೆ.

ನೀವು ಒಂದು ಮೇಲೆ ಎರಡು ಕೆಳಗೆ ಇಡುವುದನ್ನೇ ಮುಂದುವರಿಸಿದರೆ ಸೀಳು ಇರುವ ಟ್ಯಾಬ್, ಅದರಲ್ಲೂ ಎರಡು ಬೆರಳಿನ ನಡುವೆ ಸಣ್ಣ ಗಟ್ಟಿ ತುಂಡು ಇರುವುದನ್ನು ತಗೊಳ್ಳಿ. ಆ ತುಂಡು ಬೆರಳನ್ನು ನಾಕ್‌ನಿಂದ ದೂರ ಇಡುತ್ತದೆ, ಗಿಡ್ಡ ಬಿಲ್ಲಿಗೆ ಇದು ವರ. ಮೂರೂ ಕೆಳಗಾದರೆ ಸೀಳಿಲ್ಲದ ಅಖಂಡ ಟ್ಯಾಬ್. ಸೀಳಿನದನ್ನೇ ಬಳಸಿದರೆ ಎರಡು ಹೋಳಿನ ನಡುವೆ ಚರ್ಮ ಸಿಕ್ಕಿಕೊಂಡು ಚುರ್ ಅನ್ನುತ್ತದೆ.

ಚರ್ಮದಲ್ಲಿ ಕಾರ್ಡೊವನ್ ನನ್ನ ಮೊದಲ ಆಯ್ಕೆ. ಅದು ಕುದುರೆಯ ಹಿಂಭಾಗದ ತೊಗಲಿನ ಒಳಪದರ, ದಟ್ಟ, ನುಣುಪು, ವರ್ಷಗಟ್ಟಲೆ ಬಾಳುತ್ತದೆ. ಹೊಸದರಲ್ಲಿ ಗಟ್ಟಿ, ಒಂದಿಷ್ಟು ನೂರು ಬಾಣ ಬಿಟ್ಟ ಮೇಲೆ ಕೈಗೆ ಒಗ್ಗುತ್ತದೆ. ರೋಮ ಇರುವ ಕರುವಿನ ತೊಗಲು ಮೊದಲ ದಿನದಿಂದಲೇ ಬೆಣ್ಣೆ, ಆದರೆ ಹೆದೆ ಓಡುವ ಜಾಗದಲ್ಲಿ ಬೇಗ ಬೋಳಾಗುತ್ತದೆ. ಸ್ವೇಡ್ ಅಗ್ಗ, ಕಡಿಮೆ ಪೌಂಡಿಗೆ ಸಾಕು. ನಿಮ್ಮ 40 ಪೌಂಡಿಗೆ ಮೇಲ್ಪದರದ ಹಿಂದೆ ಇನ್ನೊಂದು ಪದರ ಇರಲೇಬೇಕು. ಹಾಗಂತ ತೀರಾ ದಪ್ಪದ್ದು ಬೇಡ, ಹೆದೆ ಎಲ್ಲಿದೆ ಅಂತ ಬೆರಳಿಗೆ ತಿಳಿಯುತ್ತಿರಬೇಕು. ಮಳೆಯಲ್ಲಿ ನೆಂದ ಚರ್ಮ ಅಂಟುತ್ತದೆ, ಚೂರು ಟಾಲ್ಕಮ್ ಪೌಡರ್ ಜೊತೆಗಿರಲಿ.

ಕೊಂಡ ಟ್ಯಾಬನ್ನು ಹಾಗೇ ಬಳಸಬೇಡಿ, ಕತ್ತರಿಸಿಕೊಳ್ಳಬೇಕು. ಕೊಕ್ಕೆ ಹಾಕಿ ನೋಡಿ. ಬೆರಳ ತುದಿಯಿಂದ ಮೂರು ನಾಲ್ಕು ಮಿಲಿಮೀಟರ್ ಚರ್ಮ ಹೊರಗಿದ್ದರೆ ಸರಿ. ಜಾಸ್ತಿ ಇದ್ದರೆ ಅದು ಮಡಚಿ ಹೆದೆಯ ದಾರಿಗೆ ಅಡ್ಡ ಬರುತ್ತದೆ. ಪೆನ್ನಲ್ಲಿ ಗೆರೆ ಎಳೆದು, ಹರಿತವಾದ ಕತ್ತರಿಯಲ್ಲಿ ಎರಡೆರಡು ಮಿಲಿಮೀಟರ್ ಮಾತ್ರ ತೆಗೆಯಿರಿ, ನಡುನಡುವೆ ಹತ್ತು ಬಾಣ ಬಿಟ್ಟು ನೋಡಿ. ನಾನು ಒಂದೇ ಏಟಿಗೆ ಕತ್ತರಿಸಿ ಉಂಗುರ ಬೆರಳಿನ ಕಡೆ ಗಿಡ್ಡ ಮಾಡಿಕೊಂಡೆ. ಮೂರನೇ ಬಾಣಕ್ಕೆ ಬರೀ ಬೆರಳಿನ ಮೇಲೆ ಹೆದೆ ಓಡಿ ರಕ್ತದ ಬೊಬ್ಬೆ ಎದ್ದಿತು, ಒಂದು ವಾರ ಬಿಲ್ಲು ಮುಟ್ಟಲಿಲ್ಲ. ಸೀಳಿರುವ ಟ್ಯಾಬಾದರೆ ನಾಕ್‌ಗೆ ತಾಗುವ ಅಂಚನ್ನೂ ಒಂಚೂರು ಓರೆಯಾಗಿ ತೆಗೆಯಿರಿ.

ಬೆರಳಿನ ಮಟ್ಟಿಗೆ 40 ಪೌಂಡ್ ನಾಲ್ಕು ತಿಂಗಳ ಕೈಗೆ ಜಾಸ್ತಿಯೇ. ಬಿಲ್ಲಿನ ಮೇಲೆ ಬರೆದಿರುವ ತೂಕ ಸಾಮಾನ್ಯವಾಗಿ 28 ಇಂಚಿನ ಎಳೆತಕ್ಕೆ. ನಿಮ್ಮದು 30 ಇಂಚಾದರೆ, ಇಂಚಿಗೆ ಎರಡು ಮೂರು ಪೌಂಡ್ ಲೆಕ್ಕದಲ್ಲಿ ಬೆರಳಿಗೆ ಬೀಳುವುದು 45ರ ಆಸುಪಾಸು. ಯಾರಾದರೂ 25-30 ಪೌಂಡಿನ ಬಿಲ್ಲು ಕೊಟ್ಟರೆ ಕೊಕ್ಕೆ ಕಲಿಯುವಷ್ಟು ದಿನ ಇಸ್ಕೊಳ್ಳಿ. ಜೋಮು ಮಾರನೇ ದಿನವೂ ಉಳಿದರೆ ಬಾಣ ಬಿಡುವುದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅದು ನರದ ವಿಷಯ, ಜಡ್ಡುಗಟ್ಟಿದರೆ ಹೋಗುವಂಥದ್ದಲ್ಲ.

ಹೊಸದು ಕೊಳ್ಳುವ ಮೊದಲು ಈಗಿನ ಟ್ಯಾಬನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹೆದೆ ಒತ್ತಿದ ಗೆರೆ ಕಾಣುತ್ತದೆ. ಗೆರೆ ತುದಿಯ ಹತ್ತಿರ ಇದ್ದರೆ ಕೊಕ್ಕೆ ಆಳ ಸಾಲದು. ಉಂಗುರ ಬೆರಳಿನ ಕಡೆ ಗೆರೆ ಆಳವಾಗಿದ್ದರೆ ಭಾರ ಕೆಳಗಿಳಿದಿದೆ. ಒಂದೇ ಗೆರೆಯ ಬದಲು ಎರಡು ಮೂರು ಗೆರೆ ಇದ್ದರೆ ಪ್ರತಿ ಸಲ ಬೇರೆ ಬೇರೆ ಕಡೆ ಹಿಡಿಯುತ್ತಿದ್ದೀರಿ. ಆ ಗೆರೆಯ ಫೋಟೊ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.