ಯಾವ ಬ್ಲಾಕ್ ಒಳ್ಳೇದು ಡಾಕ್ಟ್ರೇ?

ಪ್ರಶ್ನೆ: ಸೊಂಟದ ಡಿಸ್ಕ್ ಆಪರೇಷನ್ ಇದೆ. ಆಮೇಲಿನ ನೋವಿಗೆ ಇಎಸ್‌ಪಿ ಬ್ಲಾಕ್ ಒಳ್ಳೆಯದೋ, ಟಿಎಲ್‌ಐಪಿಯೋ?

ಉತ್ತರ: ಈ ಪ್ರಶ್ನೆ ಎಷ್ಟನೆಯದೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಬ್ಲಾಕ್ ಎಂದರೆ ನೋವು ಒಯ್ಯುವ ನರದ ಬಳಿ ಮದ್ದು ಚುಚ್ಚಿ ಅದನ್ನು ಮರಗಟ್ಟಿಸುವುದು. ಬೆನ್ನಿನ ಸ್ನಾಯು, ಕೀಲುಗಳಿಗೆ ಹೋಗುವುದು ಬೆನ್ನುನರದ ಹಿಂಗವಲು. ಎರಡೂ ಬ್ಲಾಕ್‌ಗಳ ಗುರಿ ಅದೇ. 2015ರಲ್ಲಿ ಬಂದ ಟಿಎಲ್‌ಐಪಿಯಲ್ಲಿ ಮದ್ದು ಸ್ನಾಯುಗಳ ನಡುವಿನ ಪದರಕ್ಕೆ ಬೀಳುತ್ತದೆ. ಮರುವರ್ಷ ಬಂದ ಇಎಸ್‌ಪಿಯಲ್ಲಿ ಇನ್ನೂ ಆಳಕ್ಕೆ, ಸ್ನಾಯುವಿನಡಿ ಕಶೇರುವಿನ (ಬೆನ್ನುಮೂಳೆಯ ಮಣಿಯ) ಅಡ್ಡಚಾಚಿನ ಮೇಲೆ. ಅಲ್ಲಿಂದ ಅದು ಮೇಲೆ ಕೆಳಗೆ ಹರಡುವುದರಿಂದ, ಮೂರ್ನಾಲ್ಕು ಕಡೆ ಸ್ಕ್ರೂ ಕೂರಿಸುವ ಆಪರೇಷನ್ನಿಗೆ ನಾನು ಇಎಸ್‌ಪಿಯನ್ನೇ ಹಿಡಿಯುತ್ತೇನೆ. ಒಂದೇ ಡಿಸ್ಕ್‌ಗೆ ಯಾವುದಾದರೂ ನಡೆದೀತು. ಸರ್ಜನ್ ಗಾಯದ ಅಂಚಿಗೆ ಮದ್ದು ಚುಚ್ಚಿದರೂ ಎಷ್ಟೋ ಸಲ ಸಾಕು. ಆದರೆ ಬ್ಲಾಕ್, ಗಾಯದಂಚಿನ ಚುಚ್ಚು ಎರಡೂ ಮಾಡುವುದಾದರೆ ಮದ್ದಿನ ಲೆಕ್ಕ ಒಂದೇ ಕಡೆ ಕೂಡಬೇಕು. ಮರಗಟ್ಟಿಸುವ ಮದ್ದು ಬುಪಿವಕೇನ್ 0.25%ದ್ದು 40 ಮಿಲಿ ಎಂದರೆ 100 ಮಿಲಿಗ್ರಾಂ. 50 ಕೆಜಿ ತೂಕದವರಿಗೆ ಅದಾಗಲೇ ಗಡಿ. ದಾಟಿದರೆ ಕಿವಿ ಗುಂಯ್‌ಗುಟ್ಟುವುದರಿಂದ ಶುರುವಾಗಿ ಹೃದಯ ನಿಲ್ಲುವ ತನಕ ಹೋಗಬಹುದು.

ನೀವು ಕೇಳದೇ ಬಿಟ್ಟದ್ದು ಮುಖ್ಯ. ಒಂದೇ ಸಲ ಕೊಟ್ಟ ಬ್ಲಾಕ್ ಸುಮಾರು ಅರ್ಧ ದಿನದ ನೆಂಟ. ಅದು ಹೊರಡುವ ಮೊದಲೇ ಪ್ಯಾರಾಸಿಟಮಾಲ್ ಒಳಗೆ ಹೋಗಿರಬೇಕು. ಕಿಡ್ನಿ, ಹೊಟ್ಟೆ ತಡೆಯುವಂತಿದ್ದರೆ ಊತ ಇಳಿಸುವ ನೋವಿನ ಮಾತ್ರೆಯೂ. "ನೋವೇ ಇಲ್ಲ, ಮಾತ್ರೆ ಯಾಕೆ?" ಎಂದು ಸಂಜೆಯ ಡೋಸ್ ಬಿಟ್ಟವರು ನಡುರಾತ್ರಿ ಚೀರುತ್ತಾರೆ. ಬೈಗುಳ ಮಾತ್ರ ಬ್ಲಾಕ್‌ಗೆ!

ಎಪಿಡ್ಯೂರಲ್, ಎಂದರೆ ಬೆನ್ನುಹುರಿಯ ಪೊರೆಯ ಹೊರಗೆ ಕೊಡುವ ಮದ್ದು, ನೋವನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಕಾಲೂ ಸೋಲಬಹುದು. ಆಗ ಒಳಗೆ ರಕ್ತ ಕಟ್ಟಿ ನರ ಅದುಮುತ್ತಿದ್ದರೂ ಬೇಗ ತಿಳಿಯದು. ನಾನು ಸ್ನಾಯುಪದರದ ಬ್ಲಾಕ್‌ಗಳ ಕಡೆ ವಾಲಿದ್ದು ಈ ಅಂಜಿಕೆಯಿಂದಲೇ. ಇಎಸ್‌ಪಿ ನಂತರವೂ ಅಪರೂಪಕ್ಕೆ ಕಾಲು ಸೋತದ್ದುಂಟು, ನಿಜ. ಹಾಗೆಂದು ಪಾದ ಎತ್ತಲಾಗದೆ, ಮೂತ್ರ ಕಟ್ಟಿದಾಗ "ಬ್ಲಾಕ್‌ನದ್ದೇ ಇರಬೇಕು" ಎಂದು ಬೆಳಗಾಗುವವರೆಗೆ ಕಾಯಬೇಡಿ. ಆ ಕ್ಷಣವೇ ಸರ್ಜನ್ನರನ್ನು ಎಬ್ಬಿಸಿ.

ಪ್ರಶ್ನೆ: ಬೆನ್ನಿಗೆ ಸೂಜಿ ಹಾಕಿದರೆ ಜನ್ಮವಿಡೀ ಬೆನ್ನುನೋವಂತೆ?

ಉತ್ತರ: ಸುಳ್ಳು.

ಪ್ರಶ್ನೆ: ಬ್ಲಾಕ್ ಬೇಡ, ನೀವಿಸಿಕೊಂಡರೆ ಮೂರೇ ದಿನಕ್ಕೆ ನೋವು ಮಾಯ ಎನ್ನುತ್ತಾರೆ ಪರಿಚಯದವರೊಬ್ಬರು.

ಉತ್ತರ: ಹಸಿ ಹೊಲಿಗೆಯ ಬೆನ್ನನ್ನು ನೀವುತ್ತೇನೆನ್ನುವವರನ್ನು ವಾರ್ಡಿನ ಬಾಗಿಲಲ್ಲೇ ನಿಲ್ಲಿಸಿ.

ಪ್ರಶ್ನೆ: ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆಪರೇಷನ್ ದಿನ ಹೇಳಿದರೆ ಸಾಕೇ?

ಉತ್ತರ: ಸಾಲದು. ದಿನ ಗೊತ್ತುಮಾಡುವಾಗಲೇ ಹೇಳಿ. ನೀವಾಗಿಯೇ ನಿಲ್ಲಿಸಲೂ ಬೇಡಿ.