ಮಳೆಗಾಲದ ಏರಿಗೆ ಯಾವ ಫೋರ್ ವೀಲ್? ಮೊದಲು ಲೋ ಗೇರ್ ನೋಡಿ

ಹುಲೇಕಲ್ ಕಡೆಯ ಗೆಳೆಯರು ಕೇಳಿದ್ದು ಇಷ್ಟು: ಡಾಂಬರು ಬಿಟ್ಟ ಮೇಲೆ ಮನೆಗೆ ಎರಡು ಕಿಲೋಮೀಟರ್ ಮಣ್ಣು ರಸ್ತೆ, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಕಡಿದಾದ ಏರು. ವಯಸ್ಸಾದ ಅಪ್ಪ ಅಮ್ಮನನ್ನು ಶಿರಸಿ ಆಸ್ಪತ್ರೆಗೆ ಕರೆದೊಯ್ಯಬೇಕು, ತಿಂಗಳಿಗೊಮ್ಮೆ ಕಾರವಾರದ ಅಕ್ಕನ ಮನೆಗೆ ಹೋಗಬೇಕು, ಅಡಿಕೆ ಮೂಟೆಯೂ ಸಾಗಬೇಕು. ಥಾರ್, ಜಿಮ್ನಿ, ಆಲ್ ವೀಲ್ ಡ್ರೈವ್ ಗ್ರ್ಯಾಂಡ್ ವಿಟಾರಾ, ಇಲ್ಲವೇ ಹಳೆ ಜೀಪು, ಇವುಗಳಲ್ಲಿ ಯಾವುದು?

ಮೇಲೆ ಉತ್ತರಿಸಿದವರೆಲ್ಲ ಎಂಜಿನ್ ಶಕ್ತಿಯ ಲೆಕ್ಕ ಹಾಕಿದ್ದಾರೆ. ನನಗೆ ಅದು ಆಮೇಲಿನ ಮಾತು. ನಿಮ್ಮ ಏರಿಗೆ ಬೇಕಾದ್ದು ಲೋ ಗೇರ್, ಅಂದರೆ ಮಾಮೂಲಿ ಗೇರಿನ ಪಕ್ಕದ ಎರಡನೇ ಲಿವರಿನ 4ಎಲ್ (ನಾಲ್ಕೂ ಚಕ್ರ ನಿಧಾನವಾಗಿ, ಜೋರಾಗಿ ಎಳೆಯುವ ಸ್ಥಾನ).

ಆಷಾಢದಲ್ಲಿ ನಮ್ಮ ಕೆಂಪು ಮಣ್ಣಿನ ಮೇಲೆ ಹಾವಸೆ ಕಟ್ಟಿದಾಗ ವೇಗದಲ್ಲಿ ಏರು ಹತ್ತಲು ಹೋದರೆ ಗಾಡಿ ಅರ್ಧಕ್ಕೆ ನಿಂತು, ಚಕ್ರ ಸುತ್ತಿ, ಹಿಂಭಾಗ ಧರೆಯ ಕಡೆಗೋ ಹೊಂಡದ ಕಡೆಗೋ ಜಾರುತ್ತದೆ. 4ಎಲ್ ಹಾಕಿದಾಗ ಅದೇ ಎಂಜಿನ್ ಚಕ್ರಕ್ಕೆ ಎಷ್ಟೋ ಹೆಚ್ಚು ಎಳೆತ ಕೊಡುತ್ತದೆ (ಜಿಮ್ನಿಯಲ್ಲಿ ಸುಮಾರು 2 ಪಟ್ಟು), ವೇಗ ಅಷ್ಟೇ ಕಡಿಮೆಯಾಗುತ್ತದೆ. ಗಾಡಿ ಮನುಷ್ಯ ನಡೆದ ಹಾಗೆ ಹತ್ತುತ್ತದೆ. ಇಳಿಯುವಾಗ ಇದರ ಉಪಕಾರ ಇನ್ನೂ ದೊಡ್ಡದು. ಮೊದಲ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಜಾರು ನೆಲದಲ್ಲಿ ಬ್ರೇಕ್ ಒತ್ತಿ ಚಕ್ರ ಜಾಮ್ ಆಗಿ ಹಳ್ಳದತ್ತ ಜಾರುವ ಭಯ ಬಹಳ ಕಡಿಮೆ.

ಗ್ರ್ಯಾಂಡ್ ವಿಟಾರಾದ ಆಲ್ ವೀಲ್ ಡ್ರೈವ್‌ಗೆ ಈ ಲೋ ಗೇರ್ ಇಲ್ಲ. ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯಲು ಅದು ಒಳ್ಳೆಯ ಗಾಡಿಯೇ, ಮನೆಯವರಿಗೆ ಆರಾಮವೂ ಹೌದು. ಆದರೆ ಹಳ್ಳದಾಚೆಯ ಏರಿಗೆ ನಾನು ಅದನ್ನು ನಂಬುವುದಿಲ್ಲ. ಥಾರ್ ಬಗ್ಗೆಯೂ ಒಂದು ಎಚ್ಚರಿಕೆ. 1.5 ಲೀಟರ್ ಡೀಸೆಲ್ ಥಾರ್ ನೋಡಲು ಒಂದೇ ಥರ, ಆದರೆ ಅದರಲ್ಲಿ ಎಳೆಯುವುದು ಹಿಂದಿನ ಎರಡೇ ಚಕ್ರ. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ ಶೇ. 18, ಫೋರ್ ವೀಲ್ ಥಾರಿಗೆ ಶೇ. 40. ಬೆಲೆಯ ಅಂತರ ನೋಡಿ ಮನಸ್ಸು ಬದಲಿಸಬೇಡಿ, ನಿಮ್ಮ ರಸ್ತೆಗೆ ಅದು ಬೇಡ.

ಇನ್ನು ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ. ಫೋರ್ ವೀಲ್ ಹಾಕಿದರೆ ನಾಲ್ಕೂ ಚಕ್ರ ಎಳೆದೇ ಎಳೆಯುತ್ತವೆ ಎಂದು ತಿಳಿಯಬೇಡಿ. ಮುಂದಿನದೊಂದು, ಹಿಂದಿನದೊಂದು ಚಕ್ರ ಹೊಂಡದ ಮೇಲೆ ತೇಲಿದರೆ ಆ ಎರಡೇ ಸುತ್ತಿ ಗಾಡಿ ನಿಂತುಬಿಡಬಹುದು. ಜಿಮ್ನಿ ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕಳಿಸುತ್ತದೆ. ಫೋರ್ಸ್ ಗುರ್ಖಾದಲ್ಲಿ ಮುಂದಿನ ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳನ್ನು ಕೈಯಿಂದ ಲಾಕ್ ಮಾಡಿ ಎಡ ಬಲ ಚಕ್ರ ಒಟ್ಟಿಗೇ ಸುತ್ತುವಂತೆ ಮಾಡಬಹುದು, ದಾಟಬಹುದೆಂದು ಕಂಪನಿ ಹೇಳುವ ನೀರಿನ ಆಳವೂ 700 ಮಿ.ಮೀ. ಬರೀ ರಸ್ತೆಯ ಲೆಕ್ಕದಲ್ಲಿ ಗುರ್ಖಾಕ್ಕೇ ನನ್ನ ಮತ. ಆದರೆ ಮೊಣಕಾಲು ನೋವಿರುವ ಅಮ್ಮ ಅಷ್ಟು ಎತ್ತರ ಹತ್ತುವುದು ಹೇಗೆ? ಮೂರು ಬಾಗಿಲಿನ ಥಾರ್ ಆದರೆ ಮುಂದಿನ ಸೀಟು ಮಡಚಿ ಹಿಂದೆ ನುಸುಳಬೇಕು. ಜ್ವರ ಬಂದವರನ್ನು ಹಾಗೆ ಹತ್ತಿಸಿ ನೋಡಿದವರಿಗೆ ಅದರ ಕಷ್ಟ ಗೊತ್ತು. ಷೋರೂಮಿಗೆ ಅಪ್ಪ ಅಮ್ಮನನ್ನೇ ಕರೆದುಕೊಂಡು ಹೋಗಿ, ಹತ್ತಿಸಿ ಇಳಿಸಿ ನೋಡಿ.

ಹಾಗಾಗಿ ನಿಮಗೆ ನನ್ನ ಸಲಹೆ ಜಿಮ್ನಿ. ಐದು ಬಾಗಿಲು, 210 ಮಿ.ಮೀ. ನೆಲದಂತರ, ತೂಕ ಸುಮಾರು 1,200 ಕಿಲೋ. ಅರಲಿನಲ್ಲಿ (ಕೆಸರಿನಲ್ಲಿ) ಹಗುರ ಗಾಡಿ ಹೂತುಕೊಳ್ಳುವುದು ಕಡಿಮೆ, ಹೂತರೂ ನಾಲ್ಕು ಜನ ಸೇರಿ ತಳ್ಳಬಹುದು. ಪೆಟ್ರೋಲ್ ಎನ್ನುವುದೂ ನಿಮಗೆ ಅನುಕೂಲವೇ. ಬಿಎಸ್6 ಡೀಸೆಲ್ ಗಾಡಿಗಳ ಹೊಗೆ ನಳಿಗೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ದಿನಾ ಮನೆ ಮತ್ತು ಪೇಟೆ ಎಂದು ಸಣ್ಣ ಓಡಾಟವೇ ಆದರೆ ಅದು ಕಟ್ಟಿಕೊಳ್ಳುತ್ತದೆ. ಕೊರತೆಯನ್ನೂ ಹೇಳಿಬಿಡುತ್ತೇನೆ. ನಾಲ್ಕೇ ಸೀಟು, ಹಿಂದೆ 208 ಲೀಟರ್ ಜಾಗ. ಅಡಿಕೆ ಮೂಟೆಯ ಮಾತು ಮರೆತುಬಿಡಿ. ವರ್ಷಕ್ಕೆ ನಾಲ್ಕೈದು ಸಲ ಮಂಡಿಗೆ ಹೋಗುವ ಮಾಲಿಗೆ ಪಿಕಪ್ ಬಾಡಿಗೆ ಹಿಡಿಯುವುದೇ ಸರಿ, ಅದು ಸಾಗುವ ಹೊತ್ತಿಗೆ ರಸ್ತೆಯೂ ಒಣಗಿರುತ್ತದೆ. ಮನೆಯಲ್ಲಿ ಆರೇಳು ಜನ ಇದ್ದರೆ ಮಾತ್ರ ಸ್ಕಾರ್ಪಿಯೊ ಎನ್ ಫೋರ್ ವೀಲ್ ಹುಡುಕಿ. ಅದಕ್ಕೆ ಲೋ ಗೇರ್ ಇದೆ.

ಟೈರಿಗೆ ಬೇರೆಯೇ ಹಣ ತೆಗೆದಿಡಿ. ಒಳ್ಳೆಯ ಆಲ್ ಟೆರೇನ್ ಟೈರ್ ಇಲ್ಲದ ಫೋರ್ ವೀಲ್‌ಗಿಂತ ಅದಿರುವ ಸಾದಾ ಗಾಡಿ ಅರಲಿನಲ್ಲಿ ಮುಂದೆ ಹೋದದ್ದನ್ನು ನೋಡಿದ್ದೇನೆ. ಮಡ್ ಟೈರ್ ಬೇಡ, ನಿಮ್ಮ ಓಡಾಟ ಹೆಚ್ಚಿನದು ಡಾಂಬರಿನ ಮೇಲೆ, ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಡಿಮೆ. ಏರಿನ ಬುಡದಲ್ಲಿ ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿ, ಡಾಂಬರಿಗೆ ಬಂದ ಕೂಡಲೇ ಸಣ್ಣ ಕಂಪ್ರೆಸರ್‌ನಿಂದ ತುಂಬಿಸಿ. 4ಎಚ್ (ಮಾಮೂಲಿ ವೇಗದ ಫೋರ್ ವೀಲ್) ಹಾಕಿಕೊಂಡು ಒಣ ಡಾಂಬರಿನಲ್ಲಿ ಓಡಿಸಲೇಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಕ್ರಮಿಸುತ್ತದೆ, ಜಿಮ್ನಿ, ಥಾರ್, ಗುರ್ಖಾಗಳಲ್ಲಿ ಆ ವ್ಯತ್ಯಾಸ ನುಂಗುವ ಮಧ್ಯದ ಡಿಫರೆನ್ಷಿಯಲ್ ಇಲ್ಲ. ಸ್ಟಿಯರಿಂಗ್ ಬಿಗಿಯಾಗುತ್ತದೆ, ಗೇರ್ ಪೆಟ್ಟಿಗೆಗೆ ಪೆಟ್ಟು ಬೀಳುತ್ತದೆ.

ಹಳ್ಳದ ವಿಷಯದಲ್ಲಿ ಯಾವ ಕಂಪನಿಯ ಮಿಲಿಮೀಟರ್ ಲೆಕ್ಕವೂ ಬೇಡ. ಅವೆಲ್ಲ ನಿಂತ ನೀರಿನ ಮಾತು. ಕೆಂಪಾಗಿ ಹರಿಯುವ ನೀರು ಗಾಡಿಯನ್ನು ಅಡ್ಡಕ್ಕೆ ಒತ್ತುತ್ತದೆ, ತಳ ತೇಲಿದರೆ ನಾಲ್ಕು ಚಕ್ರವಿದ್ದೂ ಪ್ರಯೋಜನವಿಲ್ಲ. ನೀರು ಮೊಣಕಾಲಿನ ಹತ್ತಿರ ಬಂದರೆ ಗಾಡಿಯನ್ನು ಈಚೆ ದಡದಲ್ಲಿ ಬಿಟ್ಟು ಕಾಲುಸಂಕದ ಮೇಲೆ ಮನೆಗೆ ಹೋಗಿ. ಆಚೆಯ ಏರು ಹತ್ತುವಷ್ಟೇ ಮುಖ್ಯವಾದ ನಿರ್ಧಾರ ಇದು.

ಹಳೆ ಜೀಪಿನ ಆಸೆ ನನಗೂ ಇತ್ತು. ಹನ್ನೆರಡು ವರ್ಷದ ಹಿಂದೆ ಕರಾವಳಿಯಿಂದ ಒಂದು ತಂದೆ, ತಳಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ಎರಡನೇ ಮಳೆಗಾಲದಲ್ಲಿ ಹಿಂದಿನ ಸ್ಪ್ರಿಂಗ್ ಕೂರುವ ಕಡೆ ಚಾಸಿಯೇ ಹಪ್ಪಳದಂತೆ ಬಿಟ್ಟುಕೊಂಡಿತು. ಉಪ್ಪುಗಾಳಿ ಒಳಗಿಂದ ತಿಂದಿತ್ತು. ಮಗಳು ಪಕ್ಕದಲ್ಲಿ ಕುಳಿತಿದ್ದಳು, ಆ ದಿನ ಏನೂ ಆಗಲಿಲ್ಲ ಎನ್ನುವುದು ನಮ್ಮ ಪುಣ್ಯ. ಕೊಳ್ಳಲೇಬೇಕೆಂದರೆ ಘಟ್ಟದ ಮೇಲಿನ ಗಾಡಿ ಹುಡುಕಿ, ಚಾಸಿಯನ್ನು ಉದ್ದಕ್ಕೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ಮಣ್ಣಿನ ಮೇಲೆ 4ಎಲ್ ಹಾಕಿಸಿ ಓಡಿಸಿ, ಎಂಜಿನ್ ನಂಬರು ಆರ್‌ಸಿಯದ್ದೇ ಹೌದೋ ನೋಡಿ. ಹೊಸ ಗಾಡಿಯಾದರೂ ಕಾರವಾರದಿಂದ ಬಂದ ಮೇಲೆ ತಳವನ್ನು ಸಿಹಿನೀರಿನಲ್ಲಿ ತೊಳೆಯಿರಿ. ಫೋರ್ ವೀಲ್ ಇದೆ ಎಂದು ಅಲ್ಲಿನ ಕಡಲತೀರಕ್ಕೆ ಮಾತ್ರ ಇಳಿಸಬೇಡಿ. ಉಪ್ಪು ಹಾಗಿರಲಿ, ನಮ್ಮ ಜಿಲ್ಲೆಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ.

ಮುಂಗಡ ಕೊಡುವ ಮುಂಚೆ ಜಿಮ್ನಿ ಇರುವ ಪರಿಚಯದವರನ್ನು ಒಂದು ಮಳೆಯ ದಿನ ನಿಮ್ಮ ಏರಿಗೇ ಕರೆಸಿ. ಜನವರಿಯಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಅಷ್ಟರೊಳಗೆ ಏರಿನ ಒಂದು ಫೋಟೊ ಇಲ್ಲಿ ಹಾಕಿ. ಹಳ್ಳದ ನೀರು ಆಷಾಢದಲ್ಲಿ ಎಲ್ಲಿಯವರೆಗೆ ಬರುತ್ತದೆ ಎನ್ನುವುದನ್ನೂ ಬರೆಯಿರಿ.