ಸಣ್ಣ ತಂಡ ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವಾಗ ಯಾವುದನ್ನು ಮರೆಯಬಾರದು?

ಬಳಸುವವರ ಕೈಗೆ ಬೇಗ ಕೊಡುವುದನ್ನು. ಉಳಿದದ್ದೆಲ್ಲ ಆಮೇಲೆ.

ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ಖರೀದಿಸುವ ಒಂದು ಕಡೆಗೆ ನಾವು ಮೂವರು ಬಿಲ್ಲಿನ ಸಾಫ್ಟ್‌ವೇರ್ ಮಾಡಿದ್ದೆವು. ನಾಲ್ಕು ತಿಂಗಳು ಯಾರಿಗೂ ತೋರಿಸದೆ ಕೂತು ಬರೆದೆವು. ಮೊದಲ ದಿನವೇ ತೂಕದ ಹತ್ತಿರ ಕೂತವರು ಗೋಣಿ ಬಿಚ್ಚಿ ಕೇಳಿದರು: "ಹೊಸತು, ಹಳತು ಉಂಟು. ಪಟೋರ ಎಲ್ಲಿ? ಕರಿಗೋಟು ಎಲ್ಲಿ?" ಅಡಿಕೆಯ ಈ ಎರಡು ದರ್ಜೆಗಳು ನಮ್ಮದರಲ್ಲಿ ಇರಲಿಲ್ಲ. ದರದ ಲೆಕ್ಕವನ್ನೇ ಪೂರಾ ಬದಲಿಸಬೇಕಾಯಿತು. ಎರಡನೇ ವಾರದಲ್ಲೇ ಅರ್ಧಂಬರ್ಧ ಆದದ್ದನ್ನು ತೋರಿಸಿದ್ದರೆ ಒಂದು ಸಂಜೆಯ ಕೆಲಸ, ಅಲ್ವಾ?

2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ರೂಪಿಸಿದ ಅಜೈಲ್ (ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ ಮಾಡುವ ವಿಧಾನ) ತತ್ವಗಳಲ್ಲೂ ಇದಿದೆ: ಕೆಲವು ವಾರಕ್ಕೋ ಕೆಲವು ತಿಂಗಳಿಗೋ ಒಮ್ಮೆ, ಕೆಲಸ ಮಾಡುವ ಸಾಫ್ಟ್‌ವೇರ್ ಕೊಡುತ್ತಾ ಇರಬೇಕು, ಅವಧಿ ಚಿಕ್ಕದಾದಷ್ಟೂ ಒಳ್ಳೆಯದು.

ತಡವಾಯಿತೆಂದು ಸುಮ್ನೆ ಜನ ಸೇರಿಸಬೇಡಿ. 5 ಜನರಿದ್ದರೆ ಇಬ್ಬಿಬ್ಬರ ನಡುವೆ 10 ಜೋಡಿ ಮಾತುಕತೆ. 10 ಜನರಾದರೆ 45. ಹೊಸಬರಿಗೆ ಹೇಳಿಕೊಡಬೇಕಾದವರು ಹಳಬರೇ, ಅಷ್ಟು ಹೊತ್ತು ಅವರ ಕೆಲಸವೂ ನಿಲ್ಲುತ್ತದೆ. ದಿನ ಮುಂದೂಡಲು ಆಗದಿದ್ದರೆ ಕೆಲಸ ಕಡಿಮೆ ಮಾಡಿ. ನಾವು ಕೊನೆಗೆ ತೂಕ, ದರ, ರಶೀದಿ ಇಷ್ಟೇ ಮೊದಲು ಕೊಟ್ಟೆವು. ಅದರಿಂದಲೇ ಕೌಂಟರ್ ನಡೆಯಿತು.

ಕೋಡ್ ಗಿಟ್‌ನಲ್ಲಿರಲಿ (ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಸಾಧನ). ಮಾತಾಡಿ ಒಪ್ಪಿದ್ದನ್ನು ಅವತ್ತೇ ಬರೆದಿಡಿ. ರಶೀದಿ ಕನ್ನಡದಲ್ಲೋ ಮಲಯಾಳದಲ್ಲೋ ಎಂದು ಫೋನಿನಲ್ಲಿ ಮಾತಾಡಿ ಬಿಟ್ಟಿದ್ದೆವು. ಬರೆದಿಡದ್ದಕ್ಕೆ ರಶೀದಿಯನ್ನು ಎರಡು ಸಲ ಮಾಡಬೇಕಾಯಿತು.